ಶನಿವಾರದ ನೀರು

ಆರನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಜಲಚಕ್ರದ ಒಂದು ಚಿತ್ರವಿತ್ತು. ಎಡಕ್ಕೆ ಸಮುದ್ರ, ಮೇಲೆ ಮೋಡ, ಬಲಕ್ಕೆ ಬೆಟ್ಟ, ಬೆಟ್ಟದಿಂದ ಇಳಿಯುವ ಹೊಳೆ, ಸುತ್ತ ನಾಲ್ಕು ಬಾಣ. ಹಲಸೂರಿನ ನಮ್ಮ ಶಾಲೆಯ ಆ ತರಗತಿಯಲ್ಲಿ ಸಮುದ್ರ ನೋಡಿದ ಮಗು ಒಂದೂ ಇರಲಿಲ್ಲ. ಹೊಳೆ ನೋಡಿದ್ದವರು ಇಬ್ಬರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಹೊತ್ತು. ಜನವರಿಯ ಒಂದು ಶನಿವಾರ, ಬೆಳಗಿನ ಶಾಲೆ. ನಾನು ಬೋರ್ಡಿನ ಮೇಲೆ ಮೂರನೇ ಬಾಣ ಎಳೆಯುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಇದ್ರಲ್ಲಿ ಬಾವೀನೇ ಇಲ್ವಲ್ಲ. ನಮ್ಮ ಬಾವಿಗೆ ನೀರು ಎಲ್ಲಿಂದ ಬರತ್ತೆ?"

"ಮಳೆಯಿಂದ" ಎಂದೆ.

"ಮಳೆ ನಿಂತು ಎಷ್ಟು ದಿನ ಆಯ್ತಲ್ಲ ಮಿಸ್. ಬಾವೀಲಿ ಇನ್ನೂ ನೀರಿದ್ಯಲ್ಲ?"

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆವತ್ತು ಬಂದದ್ದು ಹುಡುಗಿಯ ಮೇಲಲ್ಲ, ಆ ಚಿತ್ರದ ಮೇಲೆ. ಚಾಕ್‌ಪೀಸ್ ಕೆಳಗಿಟ್ಟು, "ಎಲ್ಲಾರೂ ಏಳ್ರಪಾ, ಹೊರಗ ನಡೀರಿ" ಎಂದೆ. ನನ್ನ ದಾವಣಗೆರೆ ಕಡೆಯ ಮಾತನ್ನು ಮಕ್ಕಳು ಬೆನ್ನ ಹಿಂದೆ ಅಣಕಿಸುತ್ತಿದ್ದರು. "ನಡೀರಪಾ, ನಡೀರಪಾ" ಎನ್ನುತ್ತಲೇ ಹೊರಗೆ ಬಂದರು.

ಹುಡುಗಿಯ ಮನೆ ಶಾಲೆಯ ಹಿಂದಿನ ಕಾಂಪೌಂಡಿಗೆ ಅಂಟಿಕೊಂಡಿದ್ದ ವಠಾರದಲ್ಲಿತ್ತು. ಎಂಟು ಮನೆ, ನಡುವೆ ಒಂದು ಬಾವಿ. ಅಪ್ಪ ಅಮ್ಮ ಇಬ್ಬರೂ ಇಲ್ಲ, ಅಜ್ಜಿಯ ಜೊತೆ ಇದ್ದಳು. ಬಲಗೈ ಬೆರಳುಗಳ ಮೇಲೆ ಏಳೆಂಟು ನರಹುಲಿ. ಕೈ ಹಿಡಿದು ಸಾಲಾಗಿ ನಿಲ್ಲಿ ಎಂದರೆ ಆ ಕೈಯನ್ನು ಯಾರೂ ಹಿಡಿಯುತ್ತಿರಲಿಲ್ಲ, ಅವಳೂ ಚಾಚುತ್ತಿರಲಿಲ್ಲ. ಅವಳು ಕೇಳಿದ ಆ ಬಾವಿ ಈಗ ಇಲ್ಲ. ಅದು ಮುಚ್ಚಿಹೋಗುವುದಕ್ಕೆ ಕಾರಣ ನಾನು. ಹೇಗೆ ಎಂಬುದನ್ನು ನಡೆದ ಹಾಗೇ ಹೇಳುತ್ತೇನೆ.

ಮೊದಲ ಮೂರು ಶನಿವಾರ ಬರೀ ಆಟ. ಶಾಲೆಯ ಅಂಗಳಕ್ಕೆ ಬಕೆಟ್ಟಿನಲ್ಲಿ ನೀರು ಸುರಿದು, ಅದು ಓಡಿದ ದಾರಿಗೆ ಚಾಕ್‌ಪೀಸಿನ ಪುಡಿ ಉದುರಿಸಿದೆವು. ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ, ಎಷ್ಟು ಎಣಿಸುವಷ್ಟರಲ್ಲಿ ಇಂಗುತ್ತದೆ. ಹೊಂಗೆ ಮರದ ಬುಡದಲ್ಲಿ ಹನ್ನೊಂದು ಎಣಿಸುವಷ್ಟರಲ್ಲಿ ಮಾಯ. ಧ್ವಜಸ್ತಂಭದ ಪಕ್ಕ ತುಳಿದು ತುಳಿದು ಗಟ್ಟಿಯಾದ ನೆಲದಲ್ಲಿ ಮುನ್ನೂರು ಎಣಿಸಿದರೂ ಹಾಗೇ ಇತ್ತು. ಆಮೇಲೆ ಬೀದಿಯ ಚರಂಡಿಗೆ ಒಣ ಎಲೆ ಬಿಟ್ಟು, ಜೊತೆಗೆ ಓಡಿ ಹೊತ್ತು ಅಳೆದೆವು. ಎಲೆಗಳೆಲ್ಲ ಮಾರುಕಟ್ಟೆಯ ಹಿಂದಿನ ಮೋರಿಯೊಳಗೆ ಹೋಗಿ ಕಾಣೆಯಾದವು. "ಗುರು, ನನ್ ಎಲೆ ದೊಮ್ಮಲೂರಿಗೆ ಹೊರಟೋಯ್ತು, ಬಸ್ ಚಾರ್ಜೇ ಇಲ್ದೆ" ಎಂದು ಒಬ್ಬ ಕೂಗಿದ. ಅವನು ಹೇಳಿದ್ದು ನಿಜವೇ ಆಗಿತ್ತು, ಇಳಿಜಾರು ಇದ್ದದ್ದು ಆ ಕಡೆಗೇ. ಆ ಮೂರು ಶನಿವಾರ ನಾನು ಯಾರ ಮೇಲೂ ರೇಗಲಿಲ್ಲ.

ನಾಲ್ಕನೇ ಶನಿವಾರ ಬಾವಿಗೆ ಹೋದೆವು. ಕಲ್ಲು ಕಟ್ಟಿದ ಹಳೆಯ ಬಾವಿ, ತೀರಾ ಕಿರಿದು. ದೊಡ್ಡವರು ಎರಡು ಕೈ ಚಾಚಿದರೆ ಎರಡೂ ಬದಿ ಸಿಗುತ್ತಿತ್ತು. ಎಂಟು ಮನೆಗೆ ಕುಡಿಯುವುದಕ್ಕೂ ಬಳಸುವುದಕ್ಕೂ ಅದೊಂದೇ. ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ತುದಿಗೆ ಕಲ್ಲು ತುಂಬಿದ ಡಬ್ಬಿ ಕಟ್ಟಿ ಇಳಿಬಿಟ್ಟೆವು. ಒದ್ದೆಯಾದದ್ದು ಎರಡು ಮೊಳಕ್ಕಿಂತ ಕಡಿಮೆ. ಅಷ್ಟೇ ನೀರು. ಬೆಳಿಗ್ಗೆ ಸೇದಿದರೆ ಸಂಜೆಯೊಳಗೆ ಮತ್ತೆ ಅಷ್ಟೇ ಊರುತ್ತದೆ ಎಂದು ಹುಡುಗಿಯ ಅಜ್ಜಿ ಹೇಳಿದರು. ವಠಾರದವರೆಲ್ಲ ಅವರನ್ನು ತಮಿಳಿನಲ್ಲಿ ಅಜ್ಜಿ ಎಂದು, ಪಾಟಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಮಕ್ಕಳು ಕಟ್ಟೆ ಹತ್ತಬಾರದು, ಚಪ್ಪಲಿ ದೂರ ಬಿಡಬೇಕು, ಇವೆರಡೇ ಅವರ ಷರತ್ತು.

"ಇದು ಸಿಹಿನೀರಮ್ಮಾ. ನಮ್ ಮಾವನೋರು ಇದ್ದಾಗ್ಲಿಂದ ಒಂದ್ಸಲಾನೂ ಬತ್ತಿಲ್ಲ" ಎಂದರು.

ನೀರು ಯಾವ ಕಡೆಯಿಂದ ಊರುತ್ತದೆ? ಗಾರೆ ಕೆಲಸದವನೊಬ್ಬನ ಮಗ ಅಪ್ಪನ ಮಟ್ಟದ ಪೈಪು ತಂದ. ತಿಳಿಯಾದ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಎರಡು ತುದಿ ಹಿಡಿದು ನಿಂತರೆ ಯಾವ ನೆಲ ಎತ್ತರ, ಯಾವುದು ತಗ್ಗು ಎಂದು ಗೊತ್ತಾಗುತ್ತದೆ. ಒಂದು ಬೆಳಗೆಲ್ಲ ಅಳೆದೆವು. ಶಾಲೆಯ ನೆಲ ವಠಾರಕ್ಕಿಂತ ಎರಡು ಅಡಿಯಷ್ಟು ಎತ್ತರದಲ್ಲಿತ್ತು. ಕಾಂಪೌಂಡಿನ ಈಚೆ, ಬಾವಿಯಿಂದ ಇಪ್ಪತ್ತೆರಡು ಹೆಜ್ಜೆಗೆ, ನಮ್ಮ ಶಾಲೆಯ ಕಕ್ಕಸಿನ ಗುಂಡಿ. ಅದನ್ನು ಬರೆದುಕೊಳ್ಳುತ್ತಿದ್ದ ಮಗು ತಲೆಯೆತ್ತಿ ನನ್ನ ಮುಖ ನೋಡಿತು. ಎಲ್ಲರಿಗೂ ಒಂದೇ ಯೋಚನೆ ಬಂದಿತ್ತು. ಹುಡುಗಿ ಮಾತ್ರ, "ಇಲ್ಲ ಮಿಸ್, ನಮ್ದು ಸಿಹಿನೀರು" ಎಂದಳು.

ಅಲ್ಲಿಂದ ಆಟ ಹೋಗಿ ಹಟ ಬಂತು. ನನ್ನ ಹಟ.

ಮೊದಲು ಬಣ್ಣ ಹಾಕಿ ನೋಡಿದೆ. ಬೀರುವಿನಲ್ಲಿದ್ದ ಪೊಟ್ಯಾಷಿಯಂ ಪರ್ಮಾಂಗನೇಟನ್ನು ಬಕೆಟ್ಟಿನಲ್ಲಿ ಕರಗಿಸಿ ಗುಂಡಿಗೆ ಸುರಿದೆವು. ದಿನಾ ಬೆಳಿಗ್ಗೆ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಳಿ ಹಾಳೆಯ ಮುಂದೆ ಇಟ್ಟು ನೋಡುವುದು. ಹತ್ತು ದಿನವಾದರೂ ಗುಲಾಬಿಯ ಸುಳಿವಿಲ್ಲ. ಹುಡುಗಿಗೆ ಖುಷಿಯೋ ಖುಷಿ. ನನಗೆ ಮಾತ್ರ ಸಮಾಧಾನವಿಲ್ಲ. ಅದೇ ಗುಲಾಬಿ ನೀರಿಗೆ ಒಂದು ಚಿಟಿಕೆ ಗೊಬ್ಬರದ ಮಣ್ಣು ಹಾಕಿ ಕಿಟಕಿಯಲ್ಲಿಟ್ಟೆ. ಊಟದ ಹೊತ್ತಿಗೆ ಬಣ್ಣ ಹೋಗಿ ಕಂದು ಗಷ್ಟು ಉಳಿದಿತ್ತು. ಕೊಳೆ ಆ ಬಣ್ಣವನ್ನು ತಿಂದುಬಿಡುತ್ತದೆ. ಬಣ್ಣ ಕಾಣಲಿಲ್ಲ ಎಂದರೆ ನೀರು ಬರಲಿಲ್ಲ ಎಂದು ಅರ್ಥವಲ್ಲ ಎಂದು ಮಕ್ಕಳಿಗೆ ಹೇಳಿದೆ. ಅದು ಸರಿಯಾದ ಮಾತೇ. ಇಷ್ಟೇ ಎಚ್ಚರ ಮುಂದೆಯೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಣ್ಣು ತಿನ್ನದಂಥದ್ದು ಬೇಕಿತ್ತು. ಉಪ್ಪು. ಉಪ್ಪು ನೀರಿನ ಜೊತೆ ಎಲ್ಲಿಗಾದರೂ ಹೋಗುತ್ತದೆ, ದಾರಿಯಲ್ಲಿ ಕಳೆದುಹೋಗುವುದಿಲ್ಲ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯಲು ಸಿಲ್ವರ್ ನೈಟ್ರೇಟ್ ಸಾಕು. ಎದುರು ರಸ್ತೆಯ ಹೈಸ್ಕೂಲಿನ ಕೆಮಿಸ್ಟ್ರಿ ಮೇಷ್ಟ್ರು ಒಂದು ಕಂದು ಬಾಟಲಿ ಕೊಟ್ಟರು. "ಬೆಳ್ಳಿ ಕಣ್ರೀ ಇದು. ಶನಿವಾರ ತಗೊಂಡು ಹೋಗಿ, ಮಧ್ಯಾಹ್ನದೊಳಗೆ ವಾಪಸ್ ಇಟ್ಬಿಡಿ" ಎಂದರು. ಆಗಲಿ ಎಂದೆ. ನಮ್ಮ ಹೊರಾಂಗಣದ ತರಗತಿ ಇದ್ದದ್ದೂ ಶನಿವಾರವೇ.

ವಿಧಾನ ಸುಲಭ. ಬಾವಿಯಿಂದ ಮೊದಲ ಬಿಂದಿಗೆ ಸೇದಿದ ನೀರು ಒಂದು ಅಳತೆ, ಅದಕ್ಕೆ ಮೇಷ್ಟ್ರು ಜೊತೆಗೆ ಕೊಟ್ಟಿದ್ದ ಹಳದಿ ದ್ರಾವಣ ಎರಡು ಹನಿ. ಆಮೇಲೆ ಸಿಲ್ವರ್ ನೈಟ್ರೇಟ್ ಹನಿ ಹನಿಯಾಗಿ ಬಿಡಬೇಕು, ಅಲುಗಾಡಿಸಬೇಕು, ಎಣಿಸಬೇಕು. ಇಟ್ಟಿಗೆಯ ಕೆಂಪು ಬಂದು ನಿಂತ ಹನಿಗೆ ಎಣಿಕೆ ನಿಲ್ಲಿಸಬೇಕು. ಹನಿ ಹೆಚ್ಚಾದಷ್ಟೂ ಉಪ್ಪು ಹೆಚ್ಚು. ಬಾವಿ ಹುಡುಗಿಯದಾದ್ದರಿಂದ ಹನಿ ಬಿಡುವ ಕೆಲಸ ಅವಳಿಗೇ ಬೇಕಂತೆ. ಮೈಮೇಲೆ ಬಿದ್ದರೆ ಕಲೆಯಾಗುತ್ತದೆ ಎಂದು ಎಷ್ಟು ಹೇಳಿದರೂ ಅವಳ ಬೆರಳುಗಳು ಎರಡೇ ವಾರಕ್ಕೆ ಕಪ್ಪಾದವು, ನರಹುಲಿಗಳ ಸಮೇತ. "ಮದರಂಗಿ ಮಿಸ್" ಎಂದು ನಕ್ಕಳು. ಆ ಕೈಯನ್ನು ಅವಳು ಮುಚ್ಚಿಟ್ಟುಕೊಳ್ಳದೆ ತೋರಿಸಿದ್ದು ಅದೇ ಮೊದಲು.

ಗುಂಡಿಗೆ ಉಪ್ಪು ಹಾಕುವ ಮುಂಚೆ ಮೂರು ಶನಿವಾರ ಅಳೆದೆವು. ಒಂಬತ್ತು ಹನಿ, ಒಂಬತ್ತು, ಹತ್ತು.

ಮಾರ್ಚ್ ಮೊದಲ ವಾರ ಮಾರುಕಟ್ಟೆಯಿಂದ ಒಂದು ಚೀಲ ಕಲ್ಲುಪ್ಪು ತರಿಸಿದೆ. ಅಟೆಂಡರ್ ಗೊಣಗುತ್ತಾ ಹೊತ್ತು ತಂದ. ಬಕೆಟ್ಟಿನಲ್ಲಿ ಕರಗಿಸಿ ಕರಗಿಸಿ ಗುಂಡಿಗೆ ಸುರಿದೆವು. ಎಷ್ಟು ಹೊತ್ತಾದರೂ ಮುಗಿಯದು. ಗಂಟೆ ಹೊಡೆದಾಗ ಚೀಲದಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಸಾಕು ಎನಿಸಿತು. ಹುಡುಗಿಯನ್ನು ಕರೆದು, "ಉಳಿದಿದ್ದು ನೀ ಮನೆಗೆ ಒಯ್ಯವ್ವಾ. ಇಲ್ಲಿದ್ರ ನೀರೊಡೀತತಿ. ಪಾಟಿಗೆ ಕೊಡು, ಅಡಿಗೆಗೆ ಆಗ್ತತಿ" ಎಂದೆ. ಅವಳು ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೋದಳು.

ಮುಂದಿನ ಶನಿವಾರ ಹದಿನೈದು ಹನಿ. ಮಕ್ಕಳು ಕಿರುಚಿದರು. ಅದರ ಮುಂದಿನ ವಾರ ಇಪ್ಪತ್ತೆರಡು. ಮೂರನೇ ವಾರ ಇಪ್ಪತ್ತೇಳು. ಗ್ರಾಫ್ ಹಾಳೆಯ ಮೇಲೆ ಕೆಂಪು ಗೆರೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ನಮ್ಮ ಗುಂಡಿಯ ನೀರು ಇಪ್ಪತ್ತೆರಡು ಹೆಜ್ಜೆ ನೆಲದೊಳಗೆ ನಡೆದುಹೋಗಿ ಎಂಟು ಮನೆಯವರ ಬಿಂದಿಗೆಗೆ ಸೇರುತ್ತಿದೆ! ಇಪ್ಪತ್ತೆರಡು ಹೆಜ್ಜೆಗೆ ಒಂದೇ ವಾರ ಸಾಕಾಯಿತೇ ಎಂದು ನಾನು ಕೇಳಿಕೊಳ್ಳಲೂ ಇಲ್ಲ. ಆ ಗೆರೆ ನೋಡಿ ನನಗೆ ಮೈಯೆಲ್ಲ ಉರಿಯಿತು. ಸುಳ್ಳೇಕೆ ಹೇಳಲಿ, ಉರಿಯ ಜೊತೆಗೆ ಹೆಮ್ಮೆಯೂ ಇತ್ತು. ಪುಸ್ತಕದಲ್ಲಿಲ್ಲದ ಒಂದು ಬಾಣವನ್ನು ನನ್ನ ಮಕ್ಕಳು ಎಳೆದಿದ್ದರು.

ಮೂರನೇ ಶನಿವಾರದ ಎಣಿಕೆ ಮುಗಿದ ಮೇಲೆ ಹುಡುಗಿ ಹತ್ತಿರ ಬಂದಳು.

"ಮಿಸ್, ಶನಿವಾರ ಬೆಳಿಗ್ಗೆ ಕಾಫಿ ಒಂಥರಾ ಇರತ್ತೆ. ಬುಧವಾರ ಚೆನ್ನಾಗಿತ್ತು. ಬುಧವಾರದ ನೀರೂ ಟೆಸ್ಟ್ ಮಾಡೋಣ್ವಾ?"

"ಬಾಟ್ಲಿ ಶನಿವಾರ ಮಾತ್ರ ಸಿಗೋದು."

"ನಾನು ಬುಧವಾರದ ನೀರು ಬಾಟ್ಲಲ್ಲಿ ಹಿಡ್ದಿಟ್ಕೊಂಡು ಶನಿವಾರ ತರ್ತೀನಿ ಮಿಸ್."

ಎಂಥ ಒಳ್ಳೆಯ ಮಾತು ಹೇಳಿದ್ದಳು! ಒಂದು ಬಾಟಲಿ ನೀರು ಹಿಡಿದಿಡುವುದು, ಅಷ್ಟೇ. ನನಗೆ ಕೇಳಿಸಿದ್ದು ಮಾತ್ರ ಬೇರೆ. ತನ್ನ ಬಾವಿಯನ್ನು ಉಳಿಸಿಕೊಳ್ಳಲು ನೆಪ ಹುಡುಕುತ್ತಿದ್ದಾಳೆ ಎಂದುಕೊಂಡೆ. "ನಾಲಿಗೆ ಅಳತೆ ಕೋಲಲ್ಲ. ಇಷ್ಟು ದಿನ ನಿನ್ನ ನಾಲಿಗೆ ಸಿಹಿನೀರು ಸಿಹಿನೀರು ಅಂತಿತ್ತು, ಈಗ ನೋಡು ಗ್ರಾಫ್ ಏನಂತತಿ" ಎಂದು ಎಲ್ಲರ ಮುಂದೆ ಹೇಳಿದೆ. ಅವಳು ಕಪ್ಪಾದ ಕೈಯನ್ನು ಲಂಗದೊಳಗೆ ಮುಚ್ಚಿಕೊಂಡು ಹೋಗಿ ಸಾಲಿನಲ್ಲಿ ನಿಂತಳು.

ನಾಲ್ಕನೇ ಶನಿವಾರ ಮೂವತ್ತಾರು ಹನಿ. ಗ್ರಾಫ್ ತೆಗೆದುಕೊಂಡು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ರೀ ಮೇಡಂ, ಗುಂಡಿ ನಮ್ದು ಅಂತ ಹೊರಗೆ ಗೊತ್ತಾದ್ರೆ ನಮ್ ಸ್ಕೂಲಿಗೇ ಬೀಗ ಹಾಕ್ತಾರಷ್ಟೆ."

"ಹಾಕ್ಲಿ ಸರ್. ಆ ನೀರು ನಮ್ಮ ಮಕ್ಕಳೇ ಕುಡೀತಾರ."

"ಅದು ಸರೀನಮ್ಮ. ಆದ್ರೆ ಇದು ಮಕ್ಳು ಹನಿ ಎಣಿಸಿರೋದು. ನೀರನ್ನ ಸರಿಯಾದ ಲ್ಯಾಬಿಗೆ ಕಳಿಸಿ. ಒಂದು ತಿಂಗ್ಳು ಆಗ್ಬಹುದು. ರಿಪೋರ್ಟ್ ಬರ್ಲಿ, ಆಮೇಲೆ ಇಬ್ರೂ ಸೇರಿ ಬರೆಯೋಣ."

ಅವರು ಕಾಲ ತಳ್ಳುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ತಳ್ಳುತ್ತಲೂ ಇದ್ದರೇನೋ. ಆದರೆ ಅವರು ಹೇಳಿದ ದಾರಿ ಸರಿಯಾಗಿತ್ತು. "ಒಂದು ತಿಂಗಳು ಅವ್ರು ಕಕ್ಕಸು ಗುಂಡಿ ನೀರು ಕುಡೀಬೇಕೇನ್ ಸರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ಬಂದೆ.

ಭಾನುವಾರ ಮಧ್ಯಾಹ್ನ ಕೆ.ಆರ್. ಪುರದ ನನ್ನ ಬಾಡಿಗೆ ಮನೆಯಲ್ಲಿ ಕೂತು ಪತ್ರ ಬರೆದೆ. ಗುಂಡಿಯನ್ನು ಖಾಲಿ ಮಾಡಿಸಿ ಗಾರೆ ಹಾಕಿಸಬೇಕು, ಅಲ್ಲಿಯ ತನಕ ವಠಾರಕ್ಕೆ ಒಂದು ನಲ್ಲಿ ಕೊಡಬೇಕು. ಕೇಳಿದ್ದು ಇವೆರಡೇ. ಬಾವಿ ಮುಚ್ಚಿ ಎಂದು ನಾನು ಬರೆಯಲಿಲ್ಲ. ಗ್ರಾಫಿನ ಜೆರಾಕ್ಸ್ ಲಗತ್ತಿಸಿ, ಸೋಮವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹಿಡಿದು ಬಂದು ವಾರ್ಡಿನ ಆರೋಗ್ಯ ಇನ್ಸ್‌ಪೆಕ್ಟರ ಕೈಗೇ ಕೊಟ್ಟೆ. ಬೇಸಿಗೆ, ಅಲ್ಲಲ್ಲಿ ವಾಂತಿಭೇದಿಯ ಸುದ್ದಿ ಇತ್ತು. ಅವರು ಪತ್ರ ಓದಿ ಎದ್ದೇ ನಿಂತರು. ಕೊನೆಗೂ ಒಬ್ಬರು ಕೇಳಿಸಿಕೊಂಡರಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಗುರುವಾರ ಅವರು ಬಂದರು. ಗ್ರಾಫ್ ಹಿಡಿದುಕೊಂಡೇ ಬಾವಿಯೊಳಗೆ ಇಣುಕಿದರು, ಕಾಂಪೌಂಡಿನ ಆಚೆ ಗುಂಡಿಯತ್ತ ಒಂದು ಸಲ ನೋಡಿದರು. "ಮಕ್ಳು ಮಾಡಿರೋದಾ? ಭೇಷ್" ಎಂದರು. ನೀರಿನ ಮಾದರಿ ತೆಗೆಯುವುದಿಲ್ಲವೇ ಎಂದು ಕೇಳಿದೆ. "ಇಷ್ಟು ಸ್ಪಷ್ಟವಾಗಿದೆಯಲ್ಲ ಮೇಡಂ. ಯಾರಾದ್ರೂ ಸತ್ರೆ ನಾನು ಉತ್ತರ ಕೊಡ್ಬೇಕು" ಎಂದರು. ಅವರ ಆಳುಗಳು ಬಾವಿಯ ಬಾಯಿಗೆ ತಗಡು ಮುಚ್ಚಿ, ಮೇಲೆ ಎರಡು ಚಪ್ಪಡಿ ಹೇರಿದರು. ರಾಟೆಯನ್ನು ಬಿಚ್ಚಿ ಪಾಟಿಯ ಕೈಗೆ ಕೊಟ್ಟರು.

ಪಾಟಿ ನನ್ನನ್ನು ಬೈಯಲಿಲ್ಲ. ರಾಟೆಯನ್ನು ಸೆರಗಿನಲ್ಲಿ ಒರೆಸುತ್ತಾ, "ಎಷ್ಟು ದಿವ್ಸಮ್ಮಾ?" ಎಂದು ಕೇಳಿದರು.

"ಸ್ವಲ್ಪ ದಿವಸ, ಪಾಟಿ. ಗುಂಡಿ ಸರಿ ಮಾಡಿದ ಮೇಲೆ ತೆಗೀತಾರೆ."

ಹುಡುಗಿ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

ವಠಾರದ ಯಜಮಾನರು ಇಂದಿರಾನಗರದಲ್ಲಿದ್ದರು. ಬಾವಿಯ ಜಾಗದಲ್ಲಿ ಒಂದು ಗೋಡೌನು ಏಳಿಸಬೇಕೆಂದು ಅವರಿಗೆ ಬಹಳ ದಿನದಿಂದ ಆಸೆ ಇತ್ತಂತೆ. ಎಂಟೂ ಮನೆಯವರು ಒಟ್ಟಾಗಿ ಬೇಡ ಎಂದು ತಡೆದಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಮುಂದಿನ ವಾರ, ಒಡೆದ ಮನೆಯ ಇಟ್ಟಿಗೆ ಗಾರೆ ತುಂಬಿದ ಲಾರಿ ವಠಾರದ ಬಾಯಿಗೆ ಬಂದು ನಿಂತ ಮೇಲೆ. ಪರೀಕ್ಷೆಯ ಮೇಲ್ವಿಚಾರಣೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಆಟೋ ಹಿಡಿದು ಇಂದಿರಾನಗರಕ್ಕೆ ಓಡಿದೆ.

ಅವರು ಮರ್ಯಾದೆಯಿಂದಲೇ ಕೂರಿಸಿದರು. ಜ್ಯೂಸ್ ತರಿಸಿದರು.

"ಸರ್, ಮುಚ್ಚಿ ಅಂತ ನಾ ಎಲ್ಲೂ ಬರೆದಿಲ್ರೀ. ಗುಂಡಿ ಸರಿ ಮಾಡಿದ್ರ ಸಾಕು."

"ಮೇಡಂ, ಆ ಗುಂಡಿ ನಂದಲ್ಲ, ನಿಮ್ ಸ್ಕೂಲಿಂದು. ಬಾವಿ ನಂದು. ಅದ್ರಲ್ಲಿ ವಿಷ ಇದೆ ಅಂತ ನೀವೇ ತೋರ್ಸಿದ್ದೀರಾ." ಟೀಪಾಯಿಯ ಕೆಳಗಿನಿಂದ ಒಂದು ಹಾಳೆ ತೆಗೆದರು. ನನ್ನ ಮಕ್ಕಳ ಗ್ರಾಫು, ಜೆರಾಕ್ಸಿನ ಜೆರಾಕ್ಸು. ಕೆಂಪು ಗೆರೆ ಅದರಲ್ಲಿ ಕಪ್ಪಾಗಿತ್ತು. ಕೆಳಗೆ ಮೂವತ್ತೊಂದು ಮಕ್ಕಳ ಸಹಿ, ಮೊದಲನೆಯದು ಆ ಹುಡುಗಿಯದು. "ನಾಳೆ ಒಂದು ಮಗು ಹೋದ್ರೆ ಈ ಪೇಪರ್ ಇಟ್ಕೊಂಡು ನನ್ನನ್ನೇ ತಾನೇ ಹಿಡಿಯೋದು? ಹೇಳಿ ನೀವೇ."

ಜ್ಯೂಸ್ ಮುಟ್ಟದೆ ಎದ್ದು ಬಂದೆ. ಹಲಸೂರಿಗೆ ವಾಪಸ್ ಬಂದಾಗ ಎರಡನೇ ಲಾರಿ ಖಾಲಿಯಾಗುತ್ತಿತ್ತು. ಇಟ್ಟಿಗೆ ಚೂರು ನೀರಿಗೆ ಬೀಳುವ ಸದ್ದು ಮೊದಮೊದಲು ಕೇಳುತ್ತಿತ್ತಂತೆ. ನಾನು ಹೋದಾಗ ಬರೀ ಒಣ ಸದ್ದು.

ಶಾಲೆಯ ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಬಾವಿಯೇ ಇಲ್ಲವೆಂದ ಮೇಲೆ ದೂರು ಮುಗಿದಂತೆ ಎಂದು ಫೈಲು ಮುಚ್ಚಿದರು. ವಠಾರಕ್ಕೆ ನಲ್ಲಿಯೂ ಬರಲಿಲ್ಲ. ಅರ್ಜಿ ಹಾಕಬೇಕಾದದ್ದು ಯಜಮಾನರು, ಅವರಿಗೆ ಅವಸರವಿರಲಿಲ್ಲ. ನಾನು ರಜೆಯಲ್ಲೂ ಊರಿಗೆ ಹೋಗದೆ ನಾಲ್ಕೈದು ಕಡೆ ಅಲೆದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ, "ನೀವು ಯಾರ ಕಡೆಯಿಂದ ಬಂದಿರೋದು?" ಎಂಟು ಮನೆಯವರು ಮೂರು ಬೀದಿ ಆಚೆಯ ಬೀದಿನಲ್ಲಿಗೆ ಹೋಗತೊಡಗಿದರು. ಅದರಲ್ಲಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಎಂಟರಿಂದ ಹನ್ನೊಂದರ ತನಕ. ಸರಿಯಾಗಿ ಶಾಲೆಯ ಹೊತ್ತಿಗೆ.

ಜೂನಿನಲ್ಲಿ ಶಾಲೆ ತೆರೆಯಿತು. ಏಳನೇ ತರಗತಿಯ ಹಾಜರಿಯಲ್ಲಿ ಹುಡುಗಿಯ ಹೆಸರಿತ್ತು, ಹುಡುಗಿ ಇರಲಿಲ್ಲ. ಎರಡು ವಾರ ಕಾದೆ. ನಿಜ ಹೇಳಬೇಕೆಂದರೆ ಕಾದದ್ದಲ್ಲ, ಹೋಗಲು ಧೈರ್ಯವಿರಲಿಲ್ಲ. ಮೂರನೇ ವಾರದ ಒಂದು ಬೆಳಿಗ್ಗೆ, ಮೊದಲ ಪೀರಿಯಡ್ ಬಿಟ್ಟು ಹೋದೆ. ಗೋಡೌನು ಇನ್ನೂ ಎದ್ದಿರಲಿಲ್ಲ. ಮೊದಲ ಮಳೆಗೆ ಹೊಸ ಮಣ್ಣು ಕುಸಿದು, ಬಾವಿ ಇದ್ದ ಕಡೆ ಬಾವಿಯಷ್ಟೇ ಅಗಲಕ್ಕೆ ಕೆಸರು ನೀರು ನಿಂತಿತ್ತು.

"ವಾಂಗಮ್ಮಾ, ಬನ್ನಿ ಟೀಚರಮ್ಮ" ಎಂದು ಪಾಟಿ ಮಣೆ ಹಾಕಿದರು. ಅರ್ಧ ಲೋಟ ನೀರು ಕೊಟ್ಟರು. ಮುಂಚೆ ಯಾವಾಗಲೂ ತುಂಬಿದ ಚೊಂಬು ಇಡುತ್ತಿದ್ದರು. ಹುಡುಗಿ ನಲ್ಲಿಗೆ ಹೋಗಿದ್ದಾಳೆ ಎಂದರು. "ನನ್ಗೆ ಮೊಣಕಾಲು. ಇನ್ಯಾರು ತರ್ತಾರೆ ಹೇಳಿ?"

ನಾನು ತಲೆ ತಗ್ಗಿಸಿ ಕೂತಿದ್ದೆ. ನನ್ನನ್ನು ಸಮಾಧಾನ ಮಾಡಬೇಕೆಂದು ಅವರಿಗೆ ಅನ್ನಿಸಿರಬೇಕು.

"ಬೇಜಾರು ಮಾಡ್ಕೋಬೇಡಿ. ಹೋಗೋ ಮುಂಚೆ ಆ ಬಾವಿ ತಾಯಿ ಒಂದು ಒಳ್ಳೇದು ಮಾಡ್ಬಿಟ್ಟು ಹೋದ್ಳು. ಮಗೂ ಕೈ ನೋಡ್ಬೇಕು ನೀವು. ನರಹುಲಿ ಒಂದೂ ಇಲ್ಲ! ಎಲ್ಲಾ ಉದುರೋಯ್ತು."

"ಏನು ಹಚ್ಚಿದ್ರಿ?"

"ಹಚ್ಚೋದೇನು! ನಿಮ್ ಉಪ್ಪೇ ಅಲ್ವಾ" ಎಂದರು ಪಾಟಿ. "ನೀವು ಕೊಟ್ಟು ಕಳ್ಸಿದ್ರಲ್ಲ, ಸುಮ್ನೆ ಬಂದ ಉಪ್ಪು ತಿನ್ಬಾರ್ದಮ್ಮಾ, ಋಣ. ವಾಪಸ್ ಕಳ್ಸಿದ್ರೆ ನಿಮ್ಗೆ ಬೇಜಾರು. ಏನ್ಮಾಡೋದು ಅಂತಿದ್ದಾಗ ನಮ್ ಅತ್ತೆ ಹೇಳ್ತಿದ್ದ ಹರಕೆ ನೆನಪಾಯ್ತು. ಐದು ಶುಕ್ರವಾರ ಬಾವಿಗೆ ಉಪ್ಪು ಹಾಕೋದು. ಮೊದಲ್ನೇ ವಾರ ಒಂದು ಹಿಡಿ, ಎರಡ್ನೇ ವಾರ ಎರಡು. ದೀಪ ಹಚ್ಚೋ ಹೊತ್ತಲ್ಲಿ ಹಾಕ್ಬಿಟ್ಟು ಹಿಂದೆ ತಿರುಗಿ ನೋಡ್ದೆ ಬಂದ್ಬಿಡ್ಬೇಕು, ಮಗೂಗೂ ಹೇಳ್ಬಾರ್ದು. ಉಪ್ಪು ಹೇಗೆ ಕರಗತ್ತೋ ಹಾಗೇ ನರಹುಲೀನೂ ಕರಗತ್ತೆ."

ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಶುಕ್ರವಾರ ಸಂಜೆ. ಒಂದು ಹಿಡಿ, ಹದಿನೈದು ಹನಿ. ಎರಡು ಹಿಡಿ, ಇಪ್ಪತ್ತೆರಡು. ಮೂರು, ಇಪ್ಪತ್ತೇಳು. ನಾಲ್ಕು, ಮೂವತ್ತಾರು. ನಾವು ಶನಿವಾರ ಬೆಳಿಗ್ಗೆ ಮೊದಲ ಬಿಂದಿಗೆ ಸೇದಿ ಅಳೆದದ್ದು ನಮ್ಮ ಗುಂಡಿಯನ್ನಲ್ಲ, ಪಾಟಿಯ ಹಿಡಿಯನ್ನು. ಬುಧವಾರದ ಹೊತ್ತಿಗೆ ಎಂಟು ಮನೆಯವರು ಸೇದಿ ಸೇದಿ ಹೊಸ ನೀರು ಊರಿರುತ್ತಿತ್ತು. ಬುಧವಾರ ಚೆನ್ನಾಗಿತ್ತು. ಹುಡುಗಿ ಹೇಳಿದ್ದಳು. ಬಾಟಲಿಯಲ್ಲಿ ಹಿಡಿದು ತರುತ್ತೇನೆ ಎಂದೂ ಹೇಳಿದ್ದಳು. ನನಗೆ ನನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ ಆ ಮಣೆಯ ಮೇಲೆ ಕೂರಲಾಗಲಿಲ್ಲ.

ಹಾಗಂತ ನಮ್ಮ ಗುಂಡಿ ನಿರ್ದೋಷಿ ಎಂದೂ ಹೇಳಲಾರೆ. ಬಾವಿ ಕೆಟ್ಟೂ ಇದ್ದಿರಬಹುದು, ಪಾಟಿ ಹೇಳುತ್ತಿದ್ದ ಹಾಗೆ ಸಿಹಿಯಾಗಿಯೂ ಇದ್ದಿರಬಹುದು. ನರಹುಲಿ ಉದುರಿದ್ದು ಹನಿ ಬಿಡುವಾಗ ತಾಕಿದ ಸಿಲ್ವರ್ ನೈಟ್ರೇಟಿನಿಂದ ಇರಬಹುದು, ತಾನಾಗಿಯೂ ಇರಬಹುದು. ಇನ್ನು ಯಾವುದನ್ನೂ ಪರೀಕ್ಷಿಸುವ ಹಾಗಿಲ್ಲ. ಎರಡು ಲಾರಿ ಇಟ್ಟಿಗೆಯ ಕೆಳಗೆ ಉತ್ತರವೂ ಹೋಯಿತು.

ಪಾಟಿಗೆ ಹೇಳಲಿಲ್ಲ. ನಿಮ್ಮ ಬಾವಿ ಮುಚ್ಚಿದ್ದು ನಿಮ್ಮ ಹರಕೆಯ ಉಪ್ಪನ್ನು ನಾನು ತಪ್ಪಾಗಿ ಓದಿದ್ದರಿಂದ ಎಂದು ಆ ಮುದುಕಿಗೆ ಯಾವ ಬಾಯಲ್ಲಿ ಹೇಳಲಿ? ಕೇಳಿದರೆ ಅವರು ನನ್ನನ್ನು ಬಿಟ್ಟು ತಮ್ಮನ್ನೇ ಬೈದುಕೊಳ್ಳುತ್ತಾರೆ. ಹೊರಡಲು ಎದ್ದೆ. ಅವರು ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದರು.

"ಐದ್ನೇ ಶುಕ್ರವಾರ ಬಾಕಿ ಉಳ್ಕೊಂಡ್ಬಿಡ್ತಮ್ಮಾ. ಹಿಂದಿನ ದಿನಾನೇ ಮುಚ್ಚಿದ್ರಲ್ಲ. ಹರಕೆ ಅರ್ಧಕ್ಕೆ ಬಿಡ್ಬಾರ್ದು. ನೀರು ಎಲ್ಲೆಲ್ಲಿ ಇರತ್ತೆ ಅಂತ ನಿಮ್ಗೆ ಗೊತ್ತಲ್ಲ, ಎಲ್ಲಾದ್ರೂ ಒಂದು ಬಾವಿ ನೋಡಿ ಹಾಕ್ಬಿಡಿ."

ಐದು ಹಿಡಿ ಉಪ್ಪು. ತೆಗೆದುಕೊಂಡೆ.

ನಲ್ಲಿಯ ಹತ್ತಿರ ಮೂವತ್ತು ನಲವತ್ತು ಜನ, ಅದಕ್ಕೆ ಎರಡರಷ್ಟು ಬಿಂದಿಗೆ. ಹುಡುಗಿ ಸಾಲಿನ ನಡುವೆ ಇದ್ದಳು. ಮೂರು ಬಿಂದಿಗೆ ಅವಳವು. ನನ್ನನ್ನು ನೋಡಿ ಬಲಗೈ ಮುಂದೆ ಚಾಚಿ ಬೆರಳು ಬಿಡಿಸಿದಳು. ಕಪ್ಪೂ ಇಲ್ಲ, ನರಹುಲಿಯೂ ಇಲ್ಲ. ಬಿಂದಿಗೆಯ ಕಂಠ ಹಿಡಿದು ಹಿಡಿದು ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು.

"ನೋಡಿ ಮಿಸ್, ಎಲ್ಲಾ ಹೋಯ್ತು!"

"ಹೌದವ್ವಾ" ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. "ನೀ ಬುಧವಾರದ ನೀರು ಚೆನ್ನಾಗಿತ್ತು ಅಂದಿದ್ದಿ. ನೀ ಹೇಳಿದ್ದೇ ಸರಿ ಇತ್ತು. ಆ ನೀರೂ ನೋಡಬೇಕಿತ್ತು. ನಾನು ತಪ್ಪು ಮಾಡಿದೆ."

ಅಷ್ಟರಲ್ಲಿ ಸಾಲು ಜರುಗಿತು. ಹಿಂದಿದ್ದ ಹೆಂಗಸು ಗದರಿದಳು.

"ಈಗ ಅದ್ಯಾಕೆ ಮಿಸ್" ಎಂದಳು ಹುಡುಗಿ, ಎರಡು ಬಿಂದಿಗೆ ಎತ್ತಿಕೊಳ್ಳುತ್ತಾ. "ಆ ಮೂರನೇದು ಸ್ವಲ್ಪ ಮುಂದಕ್ಕಿಡ್ತೀರಾ? ಹನ್ನೊಂದಕ್ಕೆ ನಿಂತ್ಹೋಗತ್ತೆ."

ಉಪ್ಪಿನ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಖಾಲಿ ಬಿಂದಿಗೆಯನ್ನು ಎರಡು ಹೆಜ್ಜೆ ಮುಂದಕ್ಕೆ ಇಟ್ಟೆ.